ಹದಿನಾಲ್ಕನೇ ನಂಬರಿನ ಗಾಡಿಗೆ ಕಾಯ್ದ ಹೊಸ ನೀಲಾ

ಮೊದಲಿಗೆ ಕ್ಷಮೆ ಕೇಳುತ್ತೇನೆ. ಉಗಿ ಎಂಜಿನ್ನಿನ ಬಗ್ಗೆ ಬರೆಯುವ ಅರ್ಹತೆ ನನಗೆ ಯಾವ ದಿಕ್ಕಿನಿಂದಲೂ ಇಲ್ಲ. ನಾನು ಹಗಲು ರವಿಕೆ ಹೊಲಿದು, ಸಂಜೆ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಅದೇ ಶಾಲೆಯ ಹಿಂದಿನ ಕೋಣೆಯಲ್ಲಿ ಟೈಪಿಂಗ್ ಕಲಿತವಳು. ವಿಜ್ಞಾನದಲ್ಲಿ ಮೂವತ್ತೇಳು ಅಂಕ ಬಂದಿತ್ತು. ಅದರಲ್ಲಿ ಎರಡು ನಮ್ಮ ಮಾಸ್ತರರ ಕರುಣೆಯೆಂದು ಇಂದಿಗೂ ನನ್ನ ಅನುಮಾನ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ದಿನ ಆದದ್ದರಲ್ಲಿ ನನ್ನ ತಪ್ಪೂ ಇದೆ. ಎಷ್ಟು ಪಾಲು ಎಂಬುದು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ.

ಕಡ್ಲಿಹಾಳ ಜಂಕ್ಷನ್ನಿನ ಹಳೇ ಚಾಳಿನಲ್ಲಿ ನಮ್ಮ ಮನೆಗೂ ದ್ಯಾಮಣ್ಣ ಬಡಿಗೇರರ ಮನೆಗೂ ಗೋಡೆ ಒಂದೇ. ಹನ್ನೊಂದು ವರ್ಷ ಆ ಗೋಡೆಯಾಚೆಯಿಂದ ಸುತ್ತಿಗೆಯ ಸಪ್ಪಳ ಕೇಳುತ್ತ ಬಂದಿದ್ದೇನೆ. ಬಾಯ್ಲರ್ ಫಿಟರ್ ಆಗಿ ನಿವೃತ್ತರಾದ ದ್ಯಾಮಣ್ಣ ಹಿತ್ತಲಲ್ಲಿ ಒಂದು ಉಗಿ ಎಂಜಿನ್ ಕಟ್ಟುತ್ತಿದ್ದರು. ಗುಜರಿಯಿಂದ ತಂದು ಬಣ್ಣ ಬಳಿದದ್ದಲ್ಲ. ತಗಡು ಹೊಸದು, ಗಾಲಿ ಹೊಸದಾಗಿ ಎರಕ ಹೊಯ್ಸಿದ್ದು, ಒಂದು ಮೊಳೆಯೂ ಹಳೆಯದಲ್ಲ! ಅದಕ್ಕೆ ಅವರು ಇಟ್ಟ ಹೆಸರು ‘ಹೊಸ ನೀಲಾ’.

ಅವರ ಹೆಂಡತಿಯ ಹೆಸರು ನೀಲವ್ವ.

“ಹೊಸ ನೀಲಾ ಅಂದ್ರ ಏನರ್ಥ?” ಎಂದು ನೀಲವ್ವ ಹೆಸರಿನ ಹಲಗೆ ಬರೆದ ದಿನವೇ ಕೇಳಿದ್ದರು. “ನಾ ಹಳೇದಾದ್ನೇನು?”

“ಪ್ರೀತಿಲೆ ಇಟ್ಟೇನಲ್ಲ!”

“ಪ್ರೀತಿ! ಅದಕ್ಕ ದಿನಾ ಎಣ್ಣಿ ಹಚ್ಚತೀರಿ. ನನ್ನ ಮೊಣಕಾಲಿಗೆ ಒಂದು ದಿನರ ಹಚ್ಚೀರೇನು?”

ಎಂಜಿನ್ ಕಟ್ಟಿದ್ದಾಯಿತು, ನಡೆಸುವವರು ಯಾರು? ದ್ಯಾಮಣ್ಣ ಬಾಯ್ಲರ್ ಬಲ್ಲವರೇ ಹೊರತು ಡ್ರೈವರ್ ಅಲ್ಲ. ಉಗಿ ಎಂಜಿನ್ ಓಡಿಸಿದ್ದ ಮುದುಕರಲ್ಲಿ ಉಳಿದದ್ದು ಇಬ್ಬರು. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ತಾವು ಡ್ರೈವರ್ ಆಗಿದ್ದೆವೆಂಬ ನೆನಪೇ ಇಲ್ಲ. ಆಗ ದ್ಯಾಮಣ್ಣ ‘ಡ್ರೈವರ್ ಪೆಟ್ಟಿಗೆ’ ಮಾಡಿದರು. ಏಳು ಹಳೇ ಮೊಬೈಲುಗಳ ಮಿದುಳು, ಎರಡು ಕ್ಯಾಮೆರಾ ಕಣ್ಣು, ಬಸ್ ಕಂಡಕ್ಟರರ ಟಿಕೆಟ್ ಯಂತ್ರದ ಬಾಯಿ. ಆ ಪೆಟ್ಟಿಗೆಗೆ ಓದಲು ಬರುತ್ತಿತ್ತು, ಓದಿದ್ದನ್ನು ನಂಬಲು ಬರುತ್ತಿತ್ತು. ಅನುಮಾನಪಡಲು ಬರುತ್ತಿರಲಿಲ್ಲ. ನನಗೆ ದೇವರು ಕೊಟ್ಟದ್ದರಲ್ಲಿ ಒಂದು ಚಿಟಿಕೆ ಅದಕ್ಕೆ ಕೊಟ್ಟಿದ್ದರೂ ಸಾಕಿತ್ತು.

ಅದು ಓದಬೇಕಾದದ್ದನ್ನು ಟೈಪ್ ಮಾಡಿದವಳು ನಾನು. ಜಂಕ್ಷನ್ನಿನಿಂದ ನೂಲಿನ ಗಿರಣಿಯವರೆಗೆ ಗಿರಣಿಯವರದೇ ಒಂದು ಒಂಟಿ ಲೈನ್ ಇದೆ, ಹನ್ನೊಂದು ಕಿಲೋಮೀಟರ್. ಗಿರಣಿ ಮುಚ್ಚಿ ಮೂವತ್ತೆಂಟು ವರ್ಷವಾದರೂ ಹಳಿ ಇನ್ನೂ ಮಲಗಿದೆ. ಆ ಲೈನಿನ ನಿಯಮಗಳೂ ವೇಳಾಪಟ್ಟಿಯೂ ಸೇರಿದ ಮುನ್ನೂರ ಹನ್ನೆರಡು ಪುಟಗಳ ಪುಸ್ತಕವೊಂದನ್ನು ದ್ಯಾಮಣ್ಣ ನನ್ನ ಕೈಗಿಟ್ಟರು. ಟೈಪಿಂಗ್ ಕಲಿಸಿದ ಮಾಸ್ತರರು ನಮಗೆ ಒಂದೇ ಪಾಠ ಅರೆದು ಕುಡಿಸಿದ್ದರು: ಮೂಲದಲ್ಲಿ ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ನಾನು ನಾಲ್ಕು ತಿಂಗಳು ಕೂತು, ಶಾಯಿಯ ಕಲೆಯೊಂದನ್ನು ಬಿಟ್ಟು, ಎಲ್ಲವನ್ನೂ ಟೈಪ್ ಮಾಡಿದೆ.

ಇನ್ನೂರ ನಾಲ್ಕನೇ ಪುಟದಲ್ಲಿ ಕೈ ಒಮ್ಮೆ ನಿಂತಿತ್ತು. ‘ನಂ. ೧೪ ಮಿಶ್ರ ಗಾಡಿ, ಗಿರಣಿಯಿಂದ ಜಂಕ್ಷನ್ನಿಗೆ, ನರಿಹಳ್ಳ ಮಧ್ಯಾಹ್ನ ೪-೦೦’ ಎಂಬ, ಜನರನ್ನೂ ಸರಕನ್ನೂ ಒಟ್ಟಿಗೆ ಒಯ್ಯುವ ಗಾಡಿಯ ಸಾಲಿನ ಮೇಲೆ ತೆಳ್ಳಗೆ ಏನೋ ಒಂದು ಗೆರೆ. ಸಾಲನ್ನು ಹೊಡೆದುಹಾಕಿದ ಪೆನ್ಸಿಲ್ ಗೆರೆಯೋ, ಕಾಗದದ ಮಡಿಕೆಯೋ ತಿಳಿಯಲಿಲ್ಲ. ಕೇಳೋಣವೆಂದರೆ ದ್ಯಾಮಣ್ಣ ಬೆಸುಗೆ ಹಾಕುತ್ತಿದ್ದರು. ಇಷ್ಟಕ್ಕೆಲ್ಲ ಕೂಗಿ ಕರೆಯುವುದೇ ಎಂದು ಸಂಕೋಚವಾಯಿತು. ಸಾಲನ್ನು ಇದ್ದಂತೆಯೇ ಟೈಪ್ ಮಾಡಿದೆ.

ಕಳೆದ ಮಾಘದ ಒಂದು ಬುಧವಾರ ಪರೀಕ್ಷೆ. ಗಿರಣಿಯ ಆಸ್ತಿ ವಿಲೇವಾರಿಗೆಂದು ಬಂದ ಹನುಮಶೆಟ್ಟಿ ಎಂಬ ಅಧಿಕಾರಿ ಹಳಿಯನ್ನು ಗುಜರಿಗೆ ಕೀಳಿಸಬೇಕೆಂದು ಆಗಲೇ ಬರೆದಿಟ್ಟಿದ್ದರು. ದ್ಯಾಮಣ್ಣ ಆರು ಸಲ ಬಾಗಿಲು ಕಾಯ್ದಮೇಲೆ ಆ ಸಾಹೇಬರು ಒಂದು ಮಾತು ಕೊಟ್ಟರು. “ನಿಮ್ಮ ಎಂಜಿನ್ ನನ್ನನ್ನ ಗಿರಣಿ ಗೇಟಿಗೆ ಮುಟ್ಟಿಸಿ, ಸಂಜೆ ಐದರೊಳಗೆ ವಾಪಸ್ ತಂದು ಬಿಟ್ರೆ, ಲೈನ್ ಬಳಕೆಯಲ್ಲಿದೆ ಅಂತ ಬರೀತೀನಿ. ಇಲ್ಲಂದ್ರೆ ಗುರುವಾರ ಹಳಿ ಕೀಳೋರು ಬರ್ತಾರೆ.”

ಹಳಿ ಹೋದರೆ ಹನ್ನೊಂದು ವರ್ಷದ ಎಂಜಿನ್ ಹಿತ್ತಲಿನ ಕೋಳಿಗೂಡಾಗುತ್ತದೆ. ಇದು ನಮಗೆಲ್ಲ ಗೊತ್ತಿತ್ತು. ನೀಲವ್ವ ಬೆಳಿಗ್ಗೆಯಿಂದ ಯಾರನ್ನೂ ಬೈದಿರಲಿಲ್ಲ, ಅಷ್ಟು ಹೆದರಿದ್ದರು.

ಮಧ್ಯಾಹ್ನ ಮೂರಕ್ಕೆ ಹೊಸ ನೀಲಾ ಚಾಳಿನ ಎದುರಿನ ಹಳಿಯ ಮೇಲೆ ಬುಸುಗುಡುತ್ತ ನಿಂತಿತು. ಹಿಂದೆ ರೈಲು ಗಾಲಿ ಹಾಕಿದ ಟ್ರ್ಯಾಕ್ಟರ್ ಟ್ರೇಲರ್, ಅದರ ಮೇಲೆ ನಮ್ಮ ಮನೆಯ ಬೆಂಚು, ಬೆಂಚಿನ ಮೇಲೆ ಸಾಹೇಬರು. ಅವರ ಜೀಪು ಪಕ್ಕದ ರಸ್ತೆಯಲ್ಲಿ, ಜೊತೆಗೇ ಬರಲು ಸಿದ್ಧವಾಗಿ. ಚಾಳಿನ ಅರ್ಧ ಮಂದಿ ನೆರೆದಿದ್ದರು.

“ನೋಡ್ರಿ ಸಾಹೇಬ್ರ!” ದ್ಯಾಮಣ್ಣ ಎದೆಯುಬ್ಬಿಸಿದರು. “ಡ್ರೈವರ್ ಬ್ಯಾಡ. ನಿಯಮ ಎಲ್ಲಾ ಬಾಯಿಪಾಠ ಐತಿ ಇದಕ್ಕ. ಹಾದ್ಯಾಗ ಸೀಟಿಲೆ ಮಾತಾಡತೈತಿ. ಗಾಡಿ ಮುಟ್ಟಿದಮ್ಯಾಲೆ ಈ ಟಿಕೆಟ್ ಮಿಷನ್ನಿನಾಗ ರಿಪೋರ್ಟ್ ಕೊಡತೈತಿ. ಇನ್ನ ಹೊರಡತೈತಿ ನೋಡ್ರಿ!”

ಹೊರಡಲಿಲ್ಲ. ಒಂದು ಉದ್ದ, ಎರಡು ಗಿಡ್ಡ ಸೀಟಿ ಹೊಡೆದು ಸುಮ್ಮನೆ ನಿಂತಿತು.

ಸೀಟಿಯ ಭಾಷೆ ಬಲ್ಲವರು ಊರಿನಲ್ಲಿ ಒಬ್ಬರೇ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವ ಕೀಲು ತಿರುಗಿಸುವ ಕೆಲಸದಲ್ಲಿದ್ದ ಇಮಾಮಸಾಬರು. ವಯಸ್ಸು ಎಂಬತ್ತು. ಮನುಷ್ಯರು ಕಿವಿಯಲ್ಲಿ ಕೂಗಿದರೂ ಅವರಿಗೆ ಕೇಳುವುದಿಲ್ಲ. ಎಂಜಿನ್ ಸೀಟಿ ಹೊಡೆದರೆ ಮಾತ್ರ ನಿದ್ದೆಯಿಂದಲೂ ಎದ್ದು ಕೂರುತ್ತಾರೆ.

“ಗಾರ್ಡ್ ಎಲ್ಲಿ ಅಂತ ಕೇಳಾಕತ್ತೈತಿ. ಹಸರ ನಿಶಾನಿ ಬೇಕಂತ,” ಎಂದರು.

“ಗಾರ್ಡ್ ಇಲ್ಲ ಅಂತ ಹೇಳ್ರಿ!” ಸಾಹೇಬರು ಗಡಿಯಾರ ನೋಡಿದರು.

“ಅದಕ್ಕ ಹಂಗೆಲ್ಲ ಹೇಳಾಕ ಬರಂಗಿಲ್ರೀ, ಪುಸ್ತಕದಾಗ ಇಲ್ಲ,” ಎಂದ ದ್ಯಾಮಣ್ಣ ನನ್ನ ಕಡೆ ತಿರುಗಿದರು. “ಕಸ್ತೂರವ್ವಾ, ಏರವಾ ತಂಗಿ! ನೀನ ಗಾರ್ಡ್!”

“ಅಣ್ಣಾ, ನನಗ ಏನೂ ಗೊತ್ತಿಲ್ಲ...”

“ಮುನ್ನೂರ ಹನ್ನೆರಡು ಪುಟ ಟೈಪ್ ಮಾಡಿದಾಕಿ ನೀ! ನಿನಗಿಂತ ಹೆಚ್ಚು ಯಾರಿಗೆ ಗೊತ್ತೈತಿ?”

ನೀಲವ್ವ ಒಳಗೆ ಓಡಿ, ಮಗಳ ಸೀಮಂತಕ್ಕೆಂದು ತಂದಿಟ್ಟಿದ್ದ ಹಸಿರು ರವಿಕೆ ಖಣ ತಂದು ನನ್ನ ಕೈಗೆ ತುರುಕಿದರು. ಅವರೂ ಇಮಾಮಸಾಬರೂ ಟ್ರೇಲರ್ ಏರಿದರು, ದ್ಯಾಮಣ್ಣ ಎಂಜಿನ್ ಏರಿದರು. ನಾನು ಬೆವರುತ್ತ ಟ್ರೇಲರಿನ ಹಿಂತುದಿಯಲ್ಲಿ ನಿಂತು ಖಣ ಬೀಸಿದೆ. ಹೊಸ ನೀಲಾ ಹೊರಟಿತು! ಜನ ಕೇಕೆ ಹಾಕಿದರು. ದ್ಯಾಮಣ್ಣನ ಕಣ್ಣಲ್ಲಿ ನೀರು ಬಂತು; ಹೊಗೆಯಿಂದ ಎಂದರು.

ಆ ದಿನ ನಾವು ಸಂತೋಷವಾಗಿದ್ದದ್ದು ಅಷ್ಟೇ, ಇಪ್ಪತ್ತೈದು ನಿಮಿಷ.

ನರಿಹಳ್ಳವೆಂದರೆ ಲೈನಿನ ನಡುವಿನ ನಿಲ್ದಾಣ. ನಿಲ್ದಾಣವೆಂದೆ, ಈಗ ಒಂದು ಬೇವಿನ ಮರವೂ ಅರ್ಧ ಗೋಡೆಯೂ ಇವೆ. ಅಲ್ಲಿ ಮಾತ್ರ ಹಳಿ ಎರಡಾಗಿ ಸ್ವಲ್ಪ ದೂರ ಜೊತೆಯಾಗಿ ಓಡುತ್ತದೆ. ಎದುರಿಗೆ ಬರುವ ಗಾಡಿಗೆ ದಾರಿ ಬಿಡಲೆಂದು. ಹೊಸ ನೀಲಾ ಅಲ್ಲಿಗೆ ಬಂದು ವೇಗ ತಗ್ಗಿಸಿ, ಮೂರು ಗಿಡ್ಡ ಸೀಟಿ ಹೊಡೆಯಿತು. ಟ್ರೇಲರಿನಲ್ಲಿ ತೂಕಡಿಸುತ್ತಿದ್ದ ಇಮಾಮಸಾಬರು ಥಟ್ಟನೆ ಹಾರಿ ಇಳಿದು, ಎಂಬತ್ತರ ಕಾಲಲ್ಲಿ ಓಡಿಹೋಗಿ ತುಕ್ಕು ಹಿಡಿದ ಕೀಲಿಗೆ ಜೋತುಬಿದ್ದು ಎಳೆದರು. ಎಂಜಿನ್ ಪಕ್ಕದ ಹಳಿಗೆ ಸರಿದು ನಿಂತುಬಿಟ್ಟಿತು.

“ಯಾಕ್ರೀ ನಿಂತಿತು?” ಸಾಹೇಬರು ಕೇಳಿದರು.

ಎಂಜಿನ್ ಇನ್ನೊಮ್ಮೆ ಸೀಟಿ ಹೊಡೆಯಿತು. ಇಮಾಮಸಾಬರು ಏದುಸಿರು ಬಿಡುತ್ತ ಕಿವಿಗೊಟ್ಟರು. ಅವರ ಮುಖ ಬಾಡಿತು. “ಕ್ರಾಸಿಂಗ್ ಐತಂತ. ಹದಿನಾಲ್ಕು ನಂಬರ್ ಮಿಶ್ರ ಗಾಡಿ ನಾಕಕ್ಕ ಬರತೈತಂತ. ಅದು ದಾಟೂತನಕಾ ಹೊರಡಂಗಿಲ್ಲಂತ.”

ಇನ್ನೂರ ನಾಲ್ಕನೇ ಪುಟದ ಸಾಲು ಅದು, ನಾನೇ ಟೈಪ್ ಮಾಡಿದ್ದು.

“ಯಾವ ಗಾಡಿ?” ಸಾಹೇಬರು ಎದ್ದು ನಿಂತರು. “ಈ ಲೈನ್ ಮೇಲೆ ಮೂವತ್ತೆಂಟು ವರ್ಷದಿಂದ ಒಂದು ನಾಯಿ ಬಂಡಿನೂ ಓಡಿಲ್ಲ!”

ದ್ಯಾಮಣ್ಣ ಇಳಿದು ಗಾಲಿಗೆ ಎಣ್ಣೆ ಬಿಡತೊಡಗಿದರು. ನೀಲವ್ವ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. “ಹದಿನಾಲ್ಕು ನಮ್ಮ ಭಾವಾರ ಗಾಡಿ. ಯಮನಪ್ಪ ಅಂತ, ಇವರ ಅಣ್ಣ. ಅದರಾಗ ಇದ್ದಲಿ ಹಾಕತಿದ್ರು. ಗಿರಣಿ ಬಾಗಲಾ ಹಾಕಿದ ದಿನ ಆ ಕಡಿ ಹೋದ್ರು. ಗಾಡಿನೂ ಬರಲಿಲ್ಲ, ಅವರೂ ಬರಲಿಲ್ಲ.”

ಹನ್ನೊಂದು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದರೂ ನನಗಿದು ಗೊತ್ತಿರಲಿಲ್ಲ.

ಆಮೇಲೆ ಏನೇನು ಮಾಡಿದೆವು ಎಂದು ಬರೆಯಲು ನಾಚಿಕೆಯಾಗುತ್ತದೆ. ನಾಲ್ಕು ಗಂಟೆಗೆ ಸರಿಯಾಗಿ, ಹದಿನಾಲ್ಕನೇ ನಂಬರಿನ ವೇಷ ಹಾಕಿಸಿ, ಕಬ್ಬು ಹೊತ್ತು ಹೋಗುತ್ತಿದ್ದ ಒಂದು ಟ್ರ್ಯಾಕ್ಟರನ್ನು ಹಳಿಯ ಪಕ್ಕದಲ್ಲಿ ದೀಪ ಹಚ್ಚಿ ಓಡಿಸಿದೆವು. ಚಾಲಕ ಬಾಯಲ್ಲೇ “ಕೂ!” ಎಂದ. ಹೊಸ ನೀಲಾ ಒಂದು ಗಿಡ್ಡ ಸೀಟಿ ಹೊಡೆಯಿತು.

“ಏನಂತು?”

“ಕಬ್ಬು ಅಂತು,” ಎಂದರು ಇಮಾಮಸಾಬರು. ಇದು ನಿಯಮ ಪುಸ್ತಕದಲ್ಲಿ ಇರಲು ಸಾಧ್ಯವೇ ಎಂದು ನನಗೆ ಈಗಲೂ ಸಂಶಯ.

ಎರಡನೇ ಸಲ, ರೈಲಿನ ಬಾಲಕ್ಕೆ ಇರುವ ಹಾಗೆ, ಹಿಂದೆ ಕೆಂಪು ದೀಪ ಕಟ್ಟಿ ಅದೇ ಟ್ರ್ಯಾಕ್ಟರನ್ನು ಕಳಿಸಿದೆವು. ಎಂಜಿನ್ ಅಪಾಯದ ಸೀಟಿಯನ್ನು ಎರಡು ನಿಮಿಷ ಬಿಡದೆ ಹೊಡೆಯಿತು. ಟ್ರ್ಯಾಕ್ಟರಿನವ ಹೆದರಿ ಕಬ್ಬು ಸಮೇತ ಹೊಲಕ್ಕೆ ಇಳಿದ. ನಾನು ನನ್ನ ಫೋನಿನಿಂದ ಪೆಟ್ಟಿಗೆಗೆ ‘ನಂ. ೧೪ ರದ್ದಾಗಿದೆ’ ಎಂದು ಟೈಪ್ ಮಾಡಿ ಕಳಿಸಿದೆ. ಅದು ನಾಲ್ಕು ಗಿಡ್ಡ ಸೀಟಿ ಹೊಡೆಯಿತು.

“ಒಪ್ಪಂಗಿಲ್ಲಂತ. ಆ ಕಡಿ ಸ್ಟೇಷನ್ನಿನಿಂದ ಸುದ್ದಿ ಬರಬೇಕಂತ. ಗಾಡಿ ಹೊರಟಿಲ್ಲ ಅಂತ ಗಿರಣಿ ಗೇಟಿನ ಸ್ಟೇಷನ್ ಮಾಸ್ತರ ಹೇಳಬೇಕಂತ.”

“ಆ ಮಾಸ್ತರ್ ಎಲ್ಲಿದ್ದಾರೆ ಈಗ?” ಎಂದರು ಸಾಹೇಬರು.

ನೀಲವ್ವ ಬೆರಳಿನಿಂದ ಆಕಾಶ ತೋರಿಸಿದರು.

ಸಾಹೇಬರು ನನ್ನನ್ನು ಜೀಪಿಗೆ ಹತ್ತಿಸಿದರು. “ನೀವೇ ಹೋಗ್ರಿ. ಗಿರಣಿ ಗೇಟಿನಾಗ ನಿಂತು, ಗಾಡಿ ಇಲ್ಲಿಂದ ಹೊರಟಿಲ್ಲ ಅಂತ ಕಳಸ್ರಿ. ನಾಕೂ ಇಪ್ಪತ್ತಾತು. ನಾಕು ಪದ. ಸರಳ ಕೆಲಸ.”

ಸರಳವೇ ಇತ್ತು. ಬೇರೆ ಯಾರಾದರೂ ಹೋಗಿದ್ದರೆ ಮುಗಿದೂ ಹೋಗುತ್ತಿತ್ತು.

ಗಿರಣಿಯ ಗೇಟಿಗೆ ಬೀಗ. ಒಳಗೆ ಜಾಲಿ ಕಂಟಿ ಎದೆಯೆತ್ತರ ಬೆಳೆದಿತ್ತು. ಗೇಟಿನ ಸರಳಿನ ನಡುವೆ ಮುಖ ಇಟ್ಟು ನೋಡಿದೆ. ಹಳಿ ಇತ್ತು, ನೀರಿನ ತೊಟ್ಟಿ ಇತ್ತು, ಎಂಜಿನ್ ನಿಲ್ಲುವ ಶೆಡ್ಡು ಬಾಯಿ ತೆರೆದು ನಿಂತಿತ್ತು. ಶೆಡ್ಡಿನಲ್ಲಿ ಗಾಡಿ ಇರಲಿಲ್ಲ. ಒಂದು ಮೇಕೆ ಮಲಗಿತ್ತು. ನಾನು ‘ನಂ. ೧೪ ಇಲ್ಲಿಂದ’ ಎಂದು ಟೈಪ್ ಮಾಡಿದೆ. ಬೆರಳು ನಿಂತಿತು. ಗಾಡಿ ಇಲ್ಲಿಗೆ ಬಂದಿತ್ತು ಎಂದು ಎಲ್ಲರೂ ಹೇಳುತ್ತಾರೆ. ಈಗ ಇಲ್ಲಿಲ್ಲ. ಬಂದ ಗಾಡಿ ಇಲ್ಲಿಲ್ಲವೆಂದಮೇಲೆ ಹೊರಟಿಲ್ಲ ಎಂದು ಹೇಳುವುದು ಹೇಗೆ? ನಾನು ನೋಡದ್ದನ್ನು ನೋಡಿದೆ ಎಂದು ಬರೆದು, ಅದನ್ನು ನಂಬಿ ಎಂಜಿನ್ ಹೊರಟು, ನಾಳೆ ಏನಾದರೂ ಆದರೆ? ಜೀಪಿನ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಕೊನೆಗೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆದೆ: ‘ನಂ. ೧೪ ಇಲ್ಲಿ ಇಲ್ಲ.’

ಕಳಿಸಿದೆ. ಐದೂವರೆ ಕಿಲೋಮೀಟರ್ ದೂರದಿಂದ, ಬಯಲಿನ ಮೇಲೆ ಹಾದು, ಒಂದು ಉದ್ದವಾದ ಸೀಟಿ ಕೇಳಿಸಿತು. ಎಂಜಿನ್ನಿಗೆ ಖುಷಿ ಆಗುವುದಾದರೆ ಅದು ಖುಷಿಯ ಸೀಟಿ.

ನಾನು ತಿರುಗಿ ಬಂದಾಗ ನಾಲ್ಕೂ ನಲವತ್ತು. ಎಲ್ಲರೂ ಎಂಜಿನ್ನಿನ ಸುತ್ತ ನಿಂತಿದ್ದರು.

“ಏನ್ ಕಳಿಸಿದ್ರೀ ನೀವು?” ಸಾಹೇಬರು ಕೂಗಿದರು.

“ಅಲ್ಲಿ ಗಾಡಿ ಇರಲಿಲ್ರೀ ಸರ್...”

“ಹದಿನಾಲ್ಕು ಬಿಟ್ಟೈತಂತ,” ಎಂದರು ಇಮಾಮಸಾಬರು, ಯಾರೂ ಕೇಳದಿದ್ದರೂ. “ಹಾದ್ಯಾಗ ಐತಂತ. ಬರಾಕತ್ತೈತಂತ.”

ಆಗ ನಾನು ದ್ಯಾಮಣ್ಣನ ಮುಖ ನೋಡಿದೆ. ನೋಡಬಾರದಿತ್ತು.

ಪೆಟ್ಟಿಗೆಗೆ ಒಂದು ಹಿತ್ತಾಳೆ ಕೊಂಡಿ. ಅದನ್ನು ಒಡೆದರೆ ಎಂಜಿನ್ ಕೈಹಿಡಿತಕ್ಕೆ ಬರುತ್ತದೆ. ಹಾಗೆ ಮಾಡಿಟ್ಟವರೇ ದ್ಯಾಮಣ್ಣ. ಸಾಹೇಬರಿಗೂ ಇದು ಗೊತ್ತಾಗಿತ್ತು. ಒರಟು ಮನುಷ್ಯರಲ್ಲ ಅವರು. ದನಿ ತಗ್ಗಿಸಿಯೇ ಹೇಳಿದರು. “ದ್ಯಾಮಣ್ಣಾರ, ಇನ್ನೂ ಇಪ್ಪತ್ತು ನಿಮಿಷ ಅದ. ಒಂದು ಏಟು ಹೊಡೀರಿ. ಗೇಟ್ ಮುಟ್ಟಿಸಿದ್ರೆ ಸಾಕು, ವಾಪಸ್ ಬಂದದ್ದು ನಾನು ನೋಡಿದೆ ಅಂತ ಬರ್ಕೋತೀನಿ. ನನಗೂ ಹಳಿ ಕೀಳಿಸೋ ಆಸೆ ಇಲ್ಲ.”

ದ್ಯಾಮಣ್ಣ ಸುತ್ತಿಗೆ ತೆಗೆದುಕೊಂಡು ಮೇಲೆ ಹತ್ತಿದರು. ಎತ್ತಿದರು. ಗಿರಣಿಯ ಕಡೆಗೆ ಹೋಗುವ ಹಳಿಯನ್ನು ನೋಡಿದರು. ಇಳಿಸಿದರು.

“ಇನ್ನೊಂದು ಹತ್ತು ನಿಮಿಷ ನೋಡೂಣ್ರಿ.”

“ಏನನ್ನ ನೋಡೋದು?”

“ಹಾದ್ಯಾಗ ಐತಿ ಅಂದಮ್ಯಾಲೆ ಎದುರಿಗೆ ಹೆಂಗ ಹೋಗ್ಲಿ? ಒಂದ ಲೈನ್ ಐತ್ರಿ ಸಾಹೇಬ್ರ.”

“ರೀ, ಅದು ಯಂತ್ರ! ಅದಕ್ಕ ಬುದ್ಧಿ ಇಲ್ಲ!”

“ಹೌದ್ರಿ,” ಎಂದರು ದ್ಯಾಮಣ್ಣ. “ಒಂದು ಹತ್ತು ನಿಮಿಷ.”

ನೀಲವ್ವ ಬೈಯುತ್ತಾರೆಂದು ನಾನು ಕಾದೆ. ಹನ್ನೊಂದು ವರ್ಷ ಆ ಎಂಜಿನ್ನಿಗಾಗಿ ಗಂಡನನ್ನು ಬೈದ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೆಲ್ಲಗೆ, “ಬೆಂಕಿ ಸಣ್ಣಾಗೇತ್ರಿ, ಕಟಿಗಿ ಹಾಕ್ರಿ,” ಎಂದರು.

ಐದಕ್ಕೆ ಸಾಹೇಬರು ಕಾಗದದ ಮೇಲೆ ‘ಪರೀಕ್ಷೆ ಅಪೂರ್ಣ’ ಎಂದು ಬರೆದು, ಎರಡು ಸಲ ಪೆನ್ನಿನ ಮುಚ್ಚಳ ಹಾಕಿ ತೆಗೆದು, ಜೀಪು ಹತ್ತಿ ಹೋದರು. ಹೋಗುವಾಗ ಹಿಂದೆ ನೋಡಲಿಲ್ಲ. ನಾನೂ ಅವರನ್ನು ನೋಡಲಿಲ್ಲ. ಖಣವನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಇದ್ದೆ.

ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಆದರೂ ಬೆಂಕಿ ಆರಬಾರದು ಎಂದು ಎಲ್ಲರಿಗೂ ಏಕೆ ಅನ್ನಿಸಿತೋ! ಇದ್ದಿಲು ಮುಗಿಯಿತು. ಬೇವಿನ ಒಣ ಟೊಂಗೆ ಮುಗಿಯಿತು. ನಮ್ಮ ಮನೆಯ ಬೆಂಚು ಹೋಯಿತು. ನಾನೇ ಕಾಲು ಹಿಡಿದು ಕೊಟ್ಟೆ. ಟ್ರ್ಯಾಕ್ಟರಿನವ ಬಿಟ್ಟು ಹೋದ ಒಂದು ಹೊರೆ ಕಬ್ಬನ್ನೂ ಹಾಕಿದೆವು. ಬಯಲೆಲ್ಲ ಬೆಲ್ಲ ಕಾಯಿಸುವ ವಾಸನೆ ತುಂಬಿತು. ಇಮಾಮಸಾಬರು ತಮ್ಮ ಊರುಗೋಲನ್ನು ಒಳಗೆ ಎಸೆದು, “ಕೂತ್ರ ಕೋಲ್ಯಾಕ?” ಎಂದರು. ಕೊನೆಗೆ ದ್ಯಾಮಣ್ಣ ಅಂಗಿಯ ಒಳಗಿನಿಂದ ಆ ಹಳೇ ಪುಸ್ತಕ ತೆಗೆದರು.

“ಅಣ್ಣಾ, ಅದು ಮೂಲ!” ಎಂದೆ.

“ನಕಲು ನೀ ಚಲೋ ಮಾಡೀಯಲ್ಲ ತಂಗಿ,” ಎಂದು ನಗದೆ ಹೇಳಿ ಬೆಂಕಿಗೆ ಹಾಕಿದರು. ಇನ್ನೂರ ನಾಲ್ಕನೇ ಪುಟವನ್ನು ಒಮ್ಮೆ ನೋಡಿಕೊಳ್ಳಲು ನನಗೆ ಮನಸ್ಸಿತ್ತು. ಕೇಳಲು ಬಾಯಿ ಬರಲಿಲ್ಲ.

ಆರು ಗಂಟೆ ಹತ್ತು ನಿಮಿಷ. ಸೂರ್ಯ ಮುಳುಗುತ್ತಿದ್ದ, ಬೆಳಕು ಇನ್ನೂ ಇತ್ತು. ನೀಲವ್ವ ಬುತ್ತಿಯ ಡಬ್ಬಿ ಬಿಚ್ಚುತ್ತಿದ್ದರು. ಹೊಸ ನೀಲಾ ಉದ್ದಕ್ಕೆ ಒಂದು ಸೀಟಿ ಹೊಡೆಯಿತು. ಇಮಾಮಸಾಬರು ಎದ್ದರು. ಕೋಲಿಲ್ಲದೆ ಪಕ್ಕದ ಖಾಲಿ ಹಳಿಯ ಬದಿಗೆ ನಡೆದು, ನೆಟ್ಟಗೆ ನಿಂತು, ಒಂದು ಕೈಯನ್ನು ಮೇಲೆತ್ತಿ ಹಿಡಿದರು. ದಾಟಿ ಹೋಗುವ ಗಾಡಿಗೆ ಎಲ್ಲ ಸರಿಯಿದೆ ಎಂದು ತೋರಿಸುವ ಹಾಗೆ. ಡಬ್ಬಿಯ ಮುಚ್ಚಳ ಕಲ್ಲಿನ ಮೇಲೆ ಟಿಣಿಟಿಣಿ ಎಂದಿತು. ನೀಲವ್ವನ ಕೈ ತಾಗಿತ್ತೇನೋ.

ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ನನಗೆ ಖಾಲಿ ಹಳಿ ಕಂಡಿತು.

ಆಮೇಲೆ ಇಮಾಮಸಾಬರು ಹೋಗಿ ಕೀಲು ತಿರುಗಿಸಿದರು. ನಾನು ಖಣ ಬೀಸಲಿಲ್ಲ. ಹೊಸ ನೀಲಾ ತಾನಾಗಿ ಹೊರಟು ಗಿರಣಿಯ ಕಡೆ ಹೋಯಿತು, ಖಾಲಿ ಟ್ರೇಲರನ್ನು ಎಳೆದುಕೊಂಡು. ಗಾರ್ಡ್ ಇಲ್ಲದೆ ಹೊರಡುವುದು ನಿಯಮಕ್ಕೆ ವಿರುದ್ಧ ಎಂದು ನನಗೆ ಆಗಲೂ ಅನ್ನಿಸಿತು, ನೋಡಿ!

ನಾವು ನಡೆದು ಹೋಗಿ ಮುಟ್ಟುವ ಹೊತ್ತಿಗೆ ಅದು ಗಿರಣಿ ಗೇಟಿನ ಮುಂದೆ ನಿಂತು ತಣ್ಣಗಾಗುತ್ತಿತ್ತು. ಟಿಕೆಟ್ ಯಂತ್ರದ ಬಾಯಿಂದ ಗೇಣುದ್ದದ ಚೀಟಿ ಜೋತಾಡುತ್ತಿತ್ತು. ದ್ಯಾಮಣ್ಣನಿಗೆ ಕನ್ನಡಕ ಇರಲಿಲ್ಲ. ಫೋನಿನ ಬೆಳಕಿನಲ್ಲಿ ನಾನೇ ಓದಿದೆ.

‘ನರಿಹಳ್ಳ. ನಂ. ೧೪ ಮಿಶ್ರ ದಾಟಿತು. ವಿಳಂಬ: ೩೮ ವರ್ಷ ೨ ಗಂಟೆ ೧೦ ನಿಮಿಷ. ಸಿಬ್ಬಂದಿ: ಸೌಖ್ಯ.’

“ಇನ್ನೊಮ್ಮೆ ಓದು,” ಎಂದರು. ಇನ್ನೊಮ್ಮೆ ಓದಿದೆ. ಚೀಟಿಯನ್ನು ಮಡಿಸಿ ಬಸ್ ಪಾಸಿನ ಹಿಂದೆ ಇಟ್ಟುಕೊಂಡರು.

ಗುರುವಾರ ಹಳಿ ಕೀಳುವವರು ಬಂದರು. ಹನ್ನೊಂದು ಕಿಲೋಮೀಟರನ್ನೂ ಕಿತ್ತರು. ಹೊಸ ನೀಲಾ ನಿಂತ ನಲವತ್ತು ಅಡಿ ಮಾತ್ರ ಉಳಿಯಿತು, ಎತ್ತುವ ಯಂತ್ರ ತರಿಸಲು ಖರ್ಚು ಹೆಚ್ಚೆಂದು. ಈಗ ಮೇಕೆ ಅದರ ನೆರಳಲ್ಲಿ ಮಲಗುತ್ತದೆ. ಗೋಡೆಯಾಚೆ ಸುತ್ತಿಗೆಯ ಸಪ್ಪಳ ಇಲ್ಲ. ಆ ಬುಧವಾರ ರಾತ್ರಿಯೇ ನೀಲವ್ವ, “ಗಾಡಿ ದಾಟೇತಿ ಅಂದ್ರ ಊರು ಮುಟ್ಟಿರಬೇಕಲ್ಲ,” ಎಂದು ಗೊಣಗುತ್ತ ಎರಡು ರೊಟ್ಟಿ ಹೆಚ್ಚು ಬಡಿದಿದ್ದರು. ಮರುದಿನ ಅವನ್ನು ನನಗೆ ಕೊಟ್ಟರು. ಗಟ್ಟಿಯಾಗಿದ್ದವು, ತಿಂದೆ.

ಒಂದು ವಿಷಯ ಉಳಿದಿದೆ. ಇನ್ನೂರ ನಾಲ್ಕನೇ ಪುಟದ ಆ ಸಾಲಿನ ಹತ್ತಿರ ಕಾಗದ ಸ್ವಲ್ಪ ಒರಟಾಗಿತ್ತು. ಗಾಡಿ ರದ್ದೆಂದು ಗೆರೆ ಎಳೆದಿದ್ದನ್ನು ಯಾರೋ ರಬ್ಬರಿನಿಂದ ಉಜ್ಜಿದ ಹಾಗೆ. ಹಾಗಿದ್ದರೆ ತಪ್ಪು ನನ್ನದಲ್ಲ. ಉಜ್ಜಿದವರಿಗೆ ಎಂಜಿನ್ ನರಿಹಳ್ಳದಲ್ಲಿ ನಿಲ್ಲುತ್ತದೆಂದು ಮೊದಲೇ ಗೊತ್ತಿತ್ತು. ಅಥವಾ ಅದು ಬರೀ ಹಳೆಯ ಕಾಗದದ ಒರಟುತನ, ತಪ್ಪು ಪೂರ್ತಿ ನನ್ನದು. ಪುಸ್ತಕ ಸುಟ್ಟುಹೋಯಿತು. ದ್ಯಾಮಣ್ಣನನ್ನು ನಾನು ಕೇಳಿಲ್ಲ. ಯಾವುದು ನಿಜ ಎಂದು ನನಗೆ ಗೊತ್ತಿಲ್ಲ.